ಐದು ಭಾನುವಾರ, ಹನ್ನೊಂದು ಮನೆಯ ಬ್ಲೂಸ್

ತುಮಕೂರಿನಲ್ಲಿ ಜಾಝ್ ಕ್ಲಾಸಿಗೆ ಹೋಗಿದ್ದೆ ಅಂದರೆ ನನ್ನ ಜೊತೆ ದಿನಾ ಬೆಂಗಳೂರು ರೈಲು ಹತ್ತುವವರು ಯಾರೂ ನಂಬಲಿಲ್ಲ. ಝುಂಬಾ ಇರಬೇಕು, ಸರಿಯಾಗಿ ನೋಡಿ ಅಂದರು. ಝುಂಬಾ ಅಲ್ಲ, ಜಾಝೇ. ಬಿ.ಎಚ್. ರಸ್ತೆಯಿಂದ ಒಳಗೆ ಎರಡು ತಿರುವು, ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಹಾರ್ಮೋನಿಯಂ, ಗಿಟಾರ್ ಮಾರುವ ಮತ್ತು ರಿಪೇರಿ ಮಾಡುವ ಒಂದು ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಕ್ಲಾಸು. ಗಾಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು: ಜಾಝ್ ಸಂಗೀತದ ಮೂಲ ಪಾಠ, 6 ಭಾನುವಾರ, ಬೆಳಿಗ್ಗೆ 10.30ರಿಂದ 12.30, 2,400 ರೂಪಾಯಿ.

ಅಂಗಡಿಯ ಹೆಸರು ಬರೆಯುತ್ತಿಲ್ಲ. ದುಡ್ಡಿನ ಒಂದು ತಕರಾರು ಇನ್ನೂ ಮುಗಿದಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ. ಪಾಠ ಹೇಳಿದ ಮೇಷ್ಟ್ರ ಬಗ್ಗೆ ಮಾತ್ರ ನನಗೆ ತಕರಾರಿಲ್ಲ. ಅಲ್ಲಲ್ಲ, ಸಣ್ಣಪುಟ್ಟದು ಒಂದೆರಡು ಇದೆ.

ನನ್ನ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ರಿವ್ಯೂ ನಿಮಗೆ ಉಪಯೋಗಕ್ಕೆ ಬರಲ್ಲ. ಚಿಕ್ಕವನಿದ್ದಾಗ ಮೂರು ವರ್ಷ ಮೃದಂಗ ಕಲಿತು, ಎಸ್ಸೆಸ್ಸೆಲ್ಸಿ ಬಂತು ಅಂತ ಬಿಟ್ಟವನು ನಾನು. ತಾಳ ಗೊತ್ತು, ಕೈ ಓಡಲ್ಲ. ಜಾಝ್ ಅಂದರೆ ಹೋಟೆಲ್ ಲಿಫ್ಟಿನಲ್ಲಿ ಬರುವ ಸ್ಯಾಕ್ಸೋಫೋನ್ ಅಂದುಕೊಂಡಿದ್ದೆ. ಕೇಳಲು ಕೂತರೆ ಎರಡು ನಿಮಿಷಕ್ಕೆ ದಾರಿ ತಪ್ಪುತ್ತಿತ್ತು. ಹಾಡು ಎಲ್ಲಿ ಶುರುವಾಯಿತು, ಈಗ ಎಲ್ಲಿದ್ದಾರೆ, ಇವರು ಒಬ್ಬರಿಗೊಬ್ಬರು ಕೇಳಿಸಿಕೊಂಡು ನುಡಿಸುತ್ತಾರಾ ಇಲ್ಲ ಅವರವರ ಪಾಡಿಗೆ ಅವರಿದ್ದಾರಾ, ಒಂದೂ ತಿಳಿಯುತ್ತಿರಲಿಲ್ಲ.

ಮೊದಲ ಭಾನುವಾರ ಒಂಬತ್ತು ಜನ ಇದ್ದೆವು. ಪಿಟೀಲು ಕಲಿಯುತ್ತಿರುವ ಒಬ್ಬಳು ಹುಡುಗಿ, ಗಿಟಾರ್ ಹಿಡಿದ ಇಂಜಿನಿಯರಿಂಗ್ ಹುಡುಗ, ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಒಬ್ಬರು, ಮತ್ತೆ ಗುಬ್ಬಿ ಕಡೆಯ ಒಬ್ಬ ಯುವಕ. ಅವನು ಮದುವೆಗಳಲ್ಲಿ ಓಲಗದವರ ಜೊತೆ ಸ್ಯಾಕ್ಸೋಫೋನ್ ನುಡಿಸುವವನು. ಮುಹೂರ್ತ ಇದ್ದ ಭಾನುವಾರ ತಡವಾಗಿ ಬರುತ್ತಿದ್ದ, ಹಣೆಯ ಕುಂಕುಮವೂ ಹಾಗೇ ಇರುತ್ತಿತ್ತು. ಮೇಷ್ಟ್ರು ಬಹಳ ವರ್ಷ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದವರು. ಮಾತು ಕಡಿಮೆ. 'ಜಾಝ್ ಅಂದರೆ ಸ್ವಾತಂತ್ರ್ಯ' ಅನ್ನೋ ಥರದ ಭಾಷಣ ಬರುತ್ತೆ ಅಂತ ಕಾಯುತ್ತಿದ್ದೆ, ಪುಣ್ಯಕ್ಕೆ ಬರಲಿಲ್ಲ.

ಅದರ ಬದಲು ಒಂದು ಗಂಟೆ ಚಪ್ಪಾಳೆ ಹೊಡೆಸಿದರು.

ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಬೇಕು, ಎರಡಕ್ಕೂ ನಾಲ್ಕಕ್ಕೂ ಮಾತ್ರ ಚಪ್ಪಾಳೆ. ಇಷ್ಟೇ. ಮಾಡಿ ನೋಡಿ. ನಮ್ಮದು ಭಜನೆಯ ಕೈ, ಒಂದಕ್ಕೇ ಬೀಳುತ್ತೆ. ಆದಿ ತಾಳದ ಮೊದಲ ಪೆಟ್ಟೇ ಒಂದಕ್ಕೆ, ಹುಟ್ಟಿದಾಗಿನಿಂದ ಒಂದೇ ನಮಗೆ ದೇವರು. ಐದು ನಿಮಿಷ ಸರಿ ಇರುತ್ತೆ, ಯಾರೋ ಕೆಮ್ಮುತ್ತಾರೆ, ಒಂಬತ್ತೂ ಜನ ಒಂದು–ಮೂರಕ್ಕೆ ಜಾರಿರುತ್ತೇವೆ. ಜಾಝ್ ಡ್ರಮ್ಮಿನವರು ಎಡಗಾಲಿನಲ್ಲಿ ಹೈಹ್ಯಾಟ್ ಅನ್ನುವ ಜೋಡಿ ತಾಳವನ್ನು ಮುಚ್ಚುವುದು ಈ ಎರಡು–ನಾಲ್ಕಕ್ಕೇ. ಅದು ಕಿವಿಗೆ ಸಿಕ್ಕರೆ ಅರ್ಧ ಕೆಲಸ ಆಯಿತು ಅಂದರು. ಅವತ್ತು ಸಿಗಲಿಲ್ಲ. ಬುಧವಾರ ಕ್ಯಾತ್ಸಂದ್ರ ದಾಟುವ ಹೊತ್ತಿಗೆ ರೈಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತಿದ್ದೆ, ಇದ್ದಕ್ಕಿದ್ದಂತೆ 'ಚಿಕ್' ಅಂತ ಕೇಳಿಸಿತು. ಒಂದು ಸಲ ಕೇಳಿಸಿದ ಮೇಲೆ ಬೇಡ ಅಂದರೂ ಬಿಡಲ್ಲ.

ಆಮೇಲೆ ಸ್ವಿಂಗ್. ಇದನ್ನು ಅವರು ನಮ್ಮ ದಾರಿಯಿಂದಲೇ ತಂದರು. ಒಂದು ಪೆಟ್ಟಿನೊಳಗೆ ತಕಿಟ ಅಂತ ಮೂರು ಅಕ್ಷರ ಹೇಳಿ, ನಡುವಿನ 'ಕಿ' ನುಂಗಿ ಅಂದರು. 'ತ–ಟ, ತ–ಟ' ಅಂತ ಬರುತ್ತೆ, ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಕಾಗದದಲ್ಲಿ ಎರಡೂ ಸಮ ಅಂತ ಬರೆದಿರುತ್ತಾರಂತೆ, ನುಡಿಸುವಾಗ ಸಮ ಇರಲ್ಲ. ನಾನು ಮೃದಂಗದ ಗರ್ವದಲ್ಲಿ ಅಳತೆ ಹಿಡಿದ ತಿಶ್ರ ಹೇಳಿದೆ, ಕರಾರುವಾಕ್ಕಾಗಿ. ಮೇಷ್ಟ್ರು ನಕ್ಕರು. 'ಲೆಕ್ಕ ಸರಿ ಇದೆ ಸಾರ್, ಆದರೆ ಕವಾಯತು ಆಯ್ತು' ಅಂದರು. ವೇಗ ಏರಿದಷ್ಟೂ ಆ ಉದ್ದ–ಗಿಡ್ಡದ ಅಂತರ ಕಡಿಮೆಯಾಗುತ್ತೆ, ನಿಧಾನ ಆದರೆ ಜಾಸ್ತಿ. ನುಡಿಸುವವರಿಂದ ನುಡಿಸುವವರಿಗೂ ಬೇರೆ. ಇದನ್ನು ಕಿವಿಯಿಂದಲೇ ಹಿಡಿಯಬೇಕು, ಬರೆದು ಹೇಳಲು ನನ್ನಿಂದ ಆಗಲ್ಲ.

ಎರಡನೇ ಭಾನುವಾರ ಪುಸ್ತಕ ಕೊಟ್ಟರು. ಕೊಟ್ಟರು ಅಂದರೆ 250 ರೂಪಾಯಿ ಬೇರೆ ತಗೊಂಡರು. ಹಾಳೆಯ ಮೇಲೆ ಆ ವಿಷಯ ಇರಲಿಲ್ಲ. ಸ್ಪೈರಲ್ ಹಾಕಿದ ಮೂವತ್ತು ಪುಟದ ಜೆರಾಕ್ಸು. ಅವತ್ತಿನ ಪಾಠ ಬ್ಲೂಸ್, ಅಂದರೆ ಹನ್ನೆರಡು ಬಾರ್. ಬಾರ್ ಅಂದ ತಕ್ಷಣ ಹಿಂದಿನ ಸಾಲಿನಿಂದ ಒಂದು ನಗು ಬಂತು, ಬರಲೇಬೇಕಲ್ವಾ. ಮೇಷ್ಟ್ರು ಸುಮ್ನೆ ಬೋರ್ಡಿನ ಮೇಲೆ ಚೌಕಾಬಾರದ ಥರ ಮನೆಗಳನ್ನು ಬರೆದರು. ಸಾಲಿಗೆ ನಾಲ್ಕು, ಮೂರು ಸಾಲು. ಒಂದೊಂದು ಮನೆಯಲ್ಲಿ ನಾಲ್ಕು ಪೆಟ್ಟು. ಮೊದಲ ಸಾಲು ಸ ಸ ಸ ಸ. ಎರಡನೆಯದು ಮ ಮ ಸ ಸ. ಮೂರನೆಯದು ಪ ಮ ಸ ಸ. ಒಟ್ಟು 48 ಪೆಟ್ಟು. ಆದಿ ತಾಳದ ಲೆಕ್ಕದಲ್ಲಿ ಆರು ಆವರ್ತನ.

ಇಲ್ಲಿ ಸ, ಮ, ಪ ಅಂದರೆ ಒಂಟಿ ಸ್ವರ ಅಲ್ಲ, ಅವುಗಳ ಮೇಲೆ ಕಟ್ಟಿದ ಕಾರ್ಡು. ಮೂರ್ನಾಲ್ಕು ಸ್ವರ ಒಟ್ಟಿಗೆ. ಇಷ್ಟು ದಿನ ನಾನು ಎಲ್ಲಿ ದಾರಿ ತಪ್ಪುತ್ತಿದ್ದೆ ಅನ್ನುವುದು ಗೊತ್ತಾಗಿದ್ದು ಇಲ್ಲೇ. ನಮ್ಮ ಕಚೇರಿಯಲ್ಲಿ ತಂಬೂರಿ ಸ–ಪ ಹಿಡಿದು ಕೂತರೆ ಮಂಗಳ ಹಾಡುವವರೆಗೂ ಅಲ್ಲಾಡಲ್ಲ. ಹಾಡುವವರು ಎಲ್ಲಿಗೆ ಹೋದರೂ ನೆಲ ಅಲ್ಲೇ ಇರುತ್ತೆ. ಜಾಝಿನಲ್ಲಿ ನೆಲವೇ ಸರಿಯುತ್ತೆ. ನುಡಿಸುವವನು ಅದೇ ಸ್ವರ ಹಿಡಿದಿದ್ದರೂ ಕೆಳಗಿನ ಕಾರ್ಡು ಸ ಇಂದ ಮಗೆ ಹೋದರೆ ಆ ಸ್ವರದ ರುಚಿ ಬೇರೆಯಾಗಿಬಿಡುತ್ತೆ. ನಾನು ಬರೀ ಮೇಲಿನ ರಾಗ ಕೇಳುತ್ತಿದ್ದೆ, ನೆಲ ನೋಡುತ್ತಲೇ ಇರಲಿಲ್ಲ. ಆ ನೆಲ ಎಷ್ಟು ಸಲ ಬೇಕಾದರೂ ಸುತ್ತುತ್ತೆ, ಆದರೆ ಒಂದೇ ಕ್ರಮದಲ್ಲಿ. ಮೊದಲು ಎಲ್ಲರೂ ಸೇರಿ ಹಾಡಿನ ಪಲ್ಲವಿಯಂಥದ್ದನ್ನು ನುಡಿಸುತ್ತಾರೆ, ಆಮೇಲೆ ಅದೇ ಮನೆಗಳ ಮೇಲೆ ಒಬ್ಬೊಬ್ಬರೇ ಕಲ್ಪನೆಯಿಂದ ನುಡಿಸುತ್ತಾರೆ, ಕೊನೆಗೆ ಮತ್ತೆ ಪಲ್ಲವಿ. ಕಲ್ಪನಾಸ್ವರ ಕೇಳಿದವರಿಗೆ ಇದು ಹೊಸದಲ್ಲ. ಹೊಸದು ಆ ಮನೆಗಳು.

ಈಗ ಕೈ ಮೇಲೆ ಎಣಿಸುತ್ತ ಕೇಳಿ ಅಂತ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ 1928ರಲ್ಲಿ ಧ್ವನಿಮುದ್ರಿಸಿದ 'ವೆಸ್ಟ್ ಎಂಡ್ ಬ್ಲೂಸ್' ಹಾಕಿದರು. ಶುರುವಿನಲ್ಲಿ ಟ್ರಂಪೆಟ್ ಒಂದೇ, ತಾಳ ಇಲ್ಲ, ಆಲಾಪನೆಯ ಹಾಗೆ. ನಂತರ ಮನೆಗಳು ಶುರು. ಪುಸ್ತಕದ ಏಳನೇ ಪುಟ ತೆಗೆದು, ಬೆರಳಿಟ್ಟು, ಮನೆಯಿಂದ ಮನೆಗೆ ಹೋದೆವು. ಮೊದಲ ಸುತ್ತಿನ ಕೊನೆಗೆ ಬಂದಾಗ ನಾನು 'ಬಂತು' ಅಂದೆ, ಬ್ಯಾಂಡು ಇನ್ನೂ ಬಂದಿರಲಿಲ್ಲ. ನಾಲ್ಕು ಪೆಟ್ಟು ಮೊದಲೇ ನಾನು ಮೇಲಿನ ಸಾಲಿಗೆ ಹೋಗಿ ಕೂತಿದ್ದೆ. ಪಕ್ಕದ ಪಿಟೀಲು ಹುಡುಗಿಯೂ ಅಲ್ಲೇ ಇದ್ದಳು. ಎರಡನೇ ಸಲ ಹಾಕಿದರು. ಮತ್ತೆ ಹಾಗೇ. ಮೂರನೇ ಸಲ ಮೇಷ್ಟ್ರಿಗೆ ಸಿಟ್ಟು ಬಂತು, 'ನಿಮಗೆ ಹನ್ನೆರಡು ಎಣಿಸೋಕೆ ಬರಲ್ವೇನ್ರಿ?' ಅಂದರು. ಕೀಬೋರ್ಡಿನವರು ಮೆಲ್ಲಗೆ ಪುಸ್ತಕ ಎತ್ತಿ ತೋರಿಸಿದರು. ಕೊನೆಯ ಸಾಲಿನಲ್ಲಿ ಪ, ಮ, ಸ. ಮೂರೇ ಮನೆ. ಡಿಟಿಪಿ ಮಾಡಿದವರು ಎರಡು ಸ ಯಾಕೆ ಅಂತ ಒಂದನ್ನು ಅಳಿಸಿದ್ದರೋ ಏನೋ. ಮೇಷ್ಟ್ರು ಪುಸ್ತಕ ನೋಡಿಯೇ ಇರಲಿಲ್ಲ, ಅವರಿಗೆ ಬಾಯಿಪಾಠ.

ಪೆನ್ನಿನಲ್ಲಿ ಹನ್ನೆರಡನೇ ಮನೆ ಬರೆದುಕೊಂಡು ನಾಲ್ಕನೇ ಸಲ ಕೇಳಿದೆವು. ಈ ಸಲ ಕಾಯಿ ಹಣ್ಣಾಯಿತು. ಟ್ರಾಂಬೋನ್ ಒಂದು ಸುತ್ತು, ಆಮೇಲೆ ಕ್ಲಾರಿನೆಟ್ ಒಂದು ಮಾತು ಹೇಳಿದರೆ ಆರ್ಮ್‌ಸ್ಟ್ರಾಂಗ್ ಬಾಯಲ್ಲೇ, ಪದ ಇಲ್ಲದೆ, ಉತ್ತರ ಕೊಡುತ್ತಾರೆ. ನಮ್ಮಲ್ಲಿ ಸೋಬಾನೆ ಪದದಲ್ಲಿ ಒಬ್ಬರು ಎತ್ತಿದರೆ ಉಳಿದವರು ಹಿಡಿದುಕೊಳ್ಳುವುದಿಲ್ವಾ, ಅದೇ ಕೆಲಸ. ಆಮೇಲೆ ಅರ್ಲ್ ಹೈನ್ಸ್ ಪಿಯಾನೋ. ಕೊನೆಯ ಸುತ್ತಿನಲ್ಲಿ ಟ್ರಂಪೆಟ್ ಎತ್ತರದ ಒಂದೇ ಸ್ವರವನ್ನು ಹೆಚ್ಚುಕಡಿಮೆ ಮೊದಲ ಸಾಲಿನ ನಾಲ್ಕು ಮನೆ ಪೂರ್ತಿ ಹಿಡಿಯುತ್ತೆ. ಎಣಿಸದೆ ಕೇಳಿದ್ದರೆ 'ಉಸಿರು ಗಟ್ಟಿ ಇದೆ' ಅಂತಿದ್ದೆ, ಅಷ್ಟೇ. ಎಣಿಸುತ್ತ ಕೇಳಿದಾಗ ನನ್ನ ಬೆರಳು ಒಂದು, ಎರಡು, ಮೂರು ಮನೆ ದಾಟಿದರೂ ಆ ಮನುಷ್ಯ ಇಳಿಯುತ್ತಿಲ್ಲ. ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ. ಕೆಳಗೆ ಗಿರಣಿ ಓಡುತ್ತಲೇ ಇತ್ತು. ಮನೆಯಲ್ಲಿ ಅಮ್ಮನಿಗೆ ಕೇಳಿಸಿದೆ. 'ತುತ್ತೂರಿ ಚೆನ್ನಾಗಿದೆ ಕಣೋ, ಮಧ್ಯೆ ಯಾರದು ಗಂಟಲು ಕಟ್ಟಿರೋನು?' ಅಂದರು. ಇಬ್ಬರೂ ಒಬ್ಬರೇ ಅಂದರೆ ನಂಬಲಿಲ್ಲ.

ಮೂರನೇ ಭಾನುವಾರ ಗುಬ್ಬಿ ಹುಡುಗನದು. ಅವತ್ತು ಬ್ಲೂ ನೋಟ್ ಪಾಠ. ಗಾಂಧಾರ, ಪಂಚಮ, ನಿಷಾದ ಸ್ವಲ್ಪ ಇಳಿದು ನಿಲ್ಲುತ್ತವೆ, ಬ್ಲೂಸಿನ ಆ ಕೊರಗು ಬರುವುದು ಅದರಿಂದ. ಹುಡುಗ ಕೇಳಿದ: 'ಸಾರ್, ಅದು ಸಾಧಾರಣ ಗಾಂಧಾರಾನಾ, ಅಂತರ ಗಾಂಧಾರಾನಾ?' ಮೇಷ್ಟ್ರು ಕೀಬೋರ್ಡಿನಲ್ಲಿ ಎರಡನ್ನೂ ಒಟ್ಟಿಗೆ ಒತ್ತಿದರು, ಕಿರ್ ಅಂತು. 'ಎರಡರ ಮಧ್ಯೆ ಎಲ್ಲೋ ಇದೆ ಕಣಪ್ಪ. ಇದರಲ್ಲಿ ಸಿಗಲ್ಲ. ನಿನ್ನ ತುಟಿಯಲ್ಲಿ ಸಿಗುತ್ತೆ ನೋಡು.' ಅವನು ಊದಿದ. ಕೆಳಗಿನಿಂದ ಜಾರಿಸಿಕೊಂಡು ಬಂದ, ಚೆನ್ನಾಗಿಯೇ ಇತ್ತು, ಆದರೆ ಧಾರೆ ಮುಹೂರ್ತ ಬಂದ ಹಾಗಿತ್ತು. 'ಅಲ್ಲಾಡಿಸಬೇಡ. ಬಾಗಿಸು, ಬಿಡು.' ಮತ್ತೆ ಊದಿದ. ಮತ್ತೆ ಗಮಕ ಬಂತು. ಹತ್ತು ಹನ್ನೆರಡು ಸಲ ಆಗಿರಬೇಕು. ವರ್ಷಗಟ್ಟಲೆ ಅಲ್ಲಾಡಿಸಿ ಕಲಿತ ಸ್ವರವನ್ನು ಅಲ್ಲಾಡಿಸದೆ ಬಿಡುವುದು ಎಷ್ಟು ಕಷ್ಟ ಅಂತ ಅವನ ಹಣೆಯ ಬೆವರು ನೋಡಿದರೆ ಗೊತ್ತಾಗುತ್ತಿತ್ತು. ಕೊನೆಗೆ ಒಂದು ಸಲ, ಒಂದೇ ಸಲ, ಆ ಗಾಂಧಾರ ಮೇಲೂ ಅಲ್ಲ ಕೆಳಗೂ ಅಲ್ಲ ಅನ್ನುವ ಜಾಗದಲ್ಲಿ ಬಂದು ನಿಂತು, ಸಗೆ ಬಿತ್ತು. ಮೇಷ್ಟ್ರು ಏನೂ ಹೇಳದೆ ಟೀ ತರಿಸಿದರು.

ಟೀ ಕುಡಿಯುವಾಗ ಕದ್ರಿ ಗೋಪಾಲನಾಥರ ಮಾತು ಬಂತು. ನಾಗಸ್ವರದ ಮನೆತನದವರು, ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು. 1980ರಲ್ಲಿ ಮುಂಬೈನ ಜಾಝ್ ಯಾತ್ರಾ ಉತ್ಸವದಲ್ಲೂ ನುಡಿಸಿದ್ದರು. ಇದಕ್ಕೆ ಸರಿಯಾಗಿ ಉಲ್ಟಾ ದಾರಿಯಲ್ಲಿ ಬಂದವರು ಚಾರ್ಲಿ ಮರಿಯಾನೊ. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕರು, ಆದರೆ ನಾಗಸ್ವರ ಕಲಿತರು. ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮತ್ತು ಆರ್.ಎ. ರಮಾಮಣಿ ಅವರ ಜೊತೆ 1983ರಲ್ಲಿ 'ಜ್ಯೋತಿ' ಅನ್ನುವ ಆಲ್ಬಮ್ ಮಾಡಿದರು. ಗುಬ್ಬಿ ಹುಡುಗ ಅದನ್ನು ಅಲ್ಲೇ ಫೋನಿನಲ್ಲಿ ಹುಡುಕಿಕೊಂಡ. ಪುಸ್ತಕದ ಮೂವತ್ತು ಪುಟದಲ್ಲಿ ಇದರ ಬಗ್ಗೆ ಒಂದು ಸಾಲು ಇಲ್ಲ, ನೋಡಿ.

ನಾಲ್ಕನೇ ವಾರ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್. 1959ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ, ಎರಡೇ ದಿನದಲ್ಲಿ ಧ್ವನಿಮುದ್ರಿಸಿದ 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನ ಮೊದಲ ಹಾಡು, 'ಸೋ ವಾಟ್'. ಇಲ್ಲಿ ಕಾರ್ಡುಗಳ ಓಡಾಟ ಬಹಳ ಕಡಿಮೆ. ಇರುವುದು 32 ಮನೆ. ಮೊದಲ 16ರಲ್ಲಿ ಒಂದೇ ಸ್ವರಗಳ ಗುಂಪು, ಮುಂದಿನ 8ರಲ್ಲಿ ಅದೇ ಗುಂಪು ಅರ್ಧ ಮೆಟ್ಟಿಲು ಮೇಲೆ, ಕೊನೆಯ 8ರಲ್ಲಿ ಮತ್ತೆ ಕೆಳಗೆ. ಅವರು ಅದನ್ನು ಡೋರಿಯನ್ ಅನ್ನುತ್ತಾರೆ. ಪಿಟೀಲು ಹುಡುಗಿ ಆರೋಹಣ ಕೇಳಿದ ತಕ್ಷಣ 'ಇದು ಖರಹರಪ್ರಿಯ ಅಲ್ವಾ ಸಾರ್' ಅಂದಳು. ಸ್ವರಗಳು ಅವೇ. ಎರಡು ಮನೆ ಶ್ರುತಿಯ ಖರಹರಪ್ರಿಯ, ನಡುವೆ ಎರಡೂವರೆಗೆ ಹತ್ತಿ ಇಳಿಯುತ್ತೆ. (ಇದು ಶ್ರುತಿಯ ಮನೆ, ಚೌಕಾಬಾರದ್ದಲ್ಲ.) ಕಚೇರಿ ನಡುವೆ ಯಾರಾದರೂ ಶ್ರುತಿಪೆಟ್ಟಿಗೆಯನ್ನು ಅರ್ಧ ಏರಿಸಿದರೆ ನಾವು ಎದ್ದು ಹೋಗುತ್ತೇವೆ, ಇಲ್ಲಿ ಅದೇ ಸೊಗಸು. ಹಾಗಂತ ಇದು ಖರಹರಪ್ರಿಯ ರಾಗ ಅಂತ ಹೇಳಬೇಡಿ. ಗಮಕ ಇಲ್ಲ, ರಾಗದ ನಡೆ ಇಲ್ಲ, ಬರೀ ಮೇಳದ ಏಳು ಸ್ವರ.

ಅದೇ ದಿನ ಮೇಷ್ಟ್ರ ಜೊತೆ ನನ್ನ ಜಗಳ. ಡೇವ್ ಬ್ರುಬೆಕ್ ತಂಡದ 'ಟೇಕ್ ಫೈವ್' ಕೇಳಿಸಿ, ಐದು ಪೆಟ್ಟಿನದ್ದು, ಅಂದರೆ ಖಂಡಛಾಪು ಅಂದರು. ಸುಮ್ನೆ ಇರಬಹುದಿತ್ತು. ಆದರೆ ಖಂಡಛಾಪು 'ತಕ ತಕಿಟ', ಎರಡು ಮತ್ತು ಮೂರು. ಅಲ್ಲಿ ಪಿಯಾನೋ ಸ್ಪಷ್ಟವಾಗಿ ಮೂರು ಮತ್ತು ಎರಡು ಅನ್ನುತ್ತಿದೆ. ಹೇಳಿದೆ. ಒಪ್ಪಲಿಲ್ಲ. ಮುಂದಿನ ವಾರ ಬಂದ ಕೂಡಲೇ 'ನೀವು ಹೇಳಿದ್ದೇ ಸರಿ ಸಾರ್, ಉಲ್ಟಾ ಇದೆ' ಅಂದರು. ಈ ಒಂದು ಮಾತಿಗೆ ಅರ್ಧ ಸ್ಟಾರ್ ಜಾಸ್ತಿ ಕೊಡುತ್ತೇನೆ.

ಐದನೆಯದು ಚರಿತ್ರೆ, ಅವಸರದಲ್ಲಿ ಮುಗಿಸಿದರು. ಜಾಝ್ ಹುಟ್ಟಿದ ಅಮೆರಿಕದ ಊರು ನ್ಯೂ ಆರ್ಲಿಯನ್ಸ್, ಅಲ್ಲಿ ಗುಲಾಮರಾಗಿದ್ದ ಆಫ್ರಿಕನ್ ಜನ ಭಾನುವಾರಗಳಲ್ಲಿ ಸೇರಿ ಬಾರಿಸಿ ಕುಣಿಯುತ್ತಿದ್ದ ಕಾಂಗೋ ಸ್ಕ್ವೇರ್, ಜಾಝಿಗಿಂತ ಮೊದಲಿನ ಪಿಯಾನೋ ಶೈಲಿ ರ‍್ಯಾಗ್‌ಟೈಮ್, 1917ರಲ್ಲಿ ಬಂದ ಮೊದಲ ಜಾಝ್ ರೆಕಾರ್ಡು. ಇದೆಲ್ಲ ಎಲ್ಲಿ ಬೇಕಾದರೂ ಸಿಗುತ್ತೆ. ಒಂದು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಆ ಊರಿನಲ್ಲಿ ಹೆಣದ ಮೆರವಣಿಗೆಗೆ ಬ್ಯಾಂಡು ಹೋಗುತ್ತೆ. ಸ್ಮಶಾನದವರೆಗೆ ನಿಧಾನದ ಪ್ರಾರ್ಥನೆಯ ಹಾಡು, ಮಣ್ಣು ಮಾಡಿ ಬರುವಾಗ ಕುಣಿತದ ಹಾಡು, ದಾರಿಹೋಕರೂ ಹಿಂದೆ ಸೇರಿ ಕುಣಿಯುತ್ತಾರೆ. ಬೇರೆಲ್ಲಾದರೂ ಇದನ್ನು ಹೇಳಿದರೆ ಜನ ಆಶ್ಚರ್ಯಪಡಬಹುದು. ನಮ್ಮ ಕ್ಲಾಸಿನಲ್ಲಿ ಯಾರೂ ಪಡಲಿಲ್ಲ. ಹೆಣದ ಮುಂದೆ ತಮಟೆ, ತಮಟೆ ಮುಂದೆ ಕುಣಿತ, ನಮ್ಮ ರಸ್ತೆಯಲ್ಲಿ ತಿಂಗಳಿಗೊಂದು ಸಲ ನೋಡುತ್ತೇವೆ.

ಆರನೇ ಭಾನುವಾರ ನಡೆಯಲೇ ಇಲ್ಲ. ಶನಿವಾರ ರಾತ್ರಿ ಹತ್ತಕ್ಕೆ ವಾಟ್ಸಾಪ್ ಬಂತು, ಅಂಗಡಿಯಲ್ಲಿ ಸ್ಟಾಕ್ ಇಳಿಸಬೇಕು, ಕ್ಲಾಸ್ ಇಲ್ಲ. ಬೇರೆ ದಿನ ಕೊಡ್ತೀರಾ ಅಂದರೆ ನೋಡೋಣ. ನೋಡೋಣ ಅಂದು ಎರಡು ತಿಂಗಳಾಯಿತು. ಲೆಕ್ಕದ ಪ್ರಕಾರ 400 ರೂಪಾಯಿ ವಾಪಸ್ ಬರಬೇಕು. ಕೇಳಿದ್ದಕ್ಕೆ ಕೌಂಟರಿನವರು 'ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್, ಮುಂದಿನ ಕೋರ್ಸಲ್ಲಿ ಕಡಿಮೆ ಮಾಡ್ತೀವಿ' ಅಂದರು. ಮೇಷ್ಟ್ರಿಗೆ ಇದರಲ್ಲಿ ಪಾತ್ರ ಇಲ್ಲ, ಅವರಿಗೂ ಆ ದಿನದ ಸಂಭಾವನೆ ಬಂದಿಲ್ಲ ಅಂತ ನನ್ನ ಗುಮಾನಿ.

ಇನ್ನೊಂದು ದೊಡ್ಡ ಕೊರತೆ. ಐದು ವಾರದಲ್ಲಿ ಒಂದೇ ಒಂದು ಹೆಣ್ಣು ದನಿ ಕೇಳಿಸಲಿಲ್ಲ. ಜಾಝ್ ಮೂಲಪಾಠ ಅಂತ ಹೇಳಿ ಗಾಯಕಿಯರಾದ ಎಲ್ಲಾ ಫಿಟ್ಜೆರಾಲ್ಡ್, ಬಿಲೀ ಹಾಲಿಡೇ ಇಬ್ಬರನ್ನೂ ಬಿಟ್ಟರೆ ಹೇಗೆ? ಫಿಟ್ಜೆರಾಲ್ಡ್ ಅವರನ್ನು ನಾನೇ ಆಮೇಲೆ ಹುಡುಕಿ ಕೇಳಿದೆ. ಪದ ಬಿಟ್ಟು ಬರೀ ಉಲಿಯಿಂದ ಹಾಡುವ ಸ್ಕ್ಯಾಟ್ ಅವರ ಬಾಯಲ್ಲಿ ಕೇಳಬೇಕು. ಬಾಯಲ್ಲೇ ಜತಿ ಹೇಳುವ ಕೊನ್ನಕ್ಕೋಲು ಕೇಳಿದ ಕಿವಿಗೆ ಹತ್ತಿರ ಅನಿಸುತ್ತೆ, ಆದರೆ ಇಲ್ಲಿ ಜತಿಯ ಜೊತೆ ಸ್ವರವೂ ಓಡುತ್ತೆ, ಕೆಳಗಿನ ಮನೆಗಳನ್ನು ಒಂದೂ ತಪ್ಪಿಸದೆ. ಇದಕ್ಕೆ ಒಂದು ಭಾನುವಾರ ಕೊಡಬಹುದಿತ್ತು.

ನುಡಿಸಲು ಕಲಿಯಬೇಕು ಅಂತಿದ್ದರೆ ಹೋಗಬೇಡಿ. ಗಿಟಾರ್ ಹುಡುಗ ಬೆರಳು ಎಲ್ಲಿಡಬೇಕು ಅಂತ ಹೇಳಿಕೊಡುತ್ತಾರೆ ಅಂತ ಕಾದು ಕಾದು ಮೂರನೇ ವಾರಕ್ಕೆ ಬಿಟ್ಟ, ಅವನ ತಪ್ಪಲ್ಲ. ಇದು ಕೇಳಲು ಕಲಿಸುವ ಕ್ಲಾಸು, ಹಾಳೆಯಲ್ಲಿ ಹಾಗೆ ಬರೆಯಬೇಕಿತ್ತು. ಡ್ರಮ್ ಇಲ್ಲ, ದೊಡ್ಡ ಬೇಸ್ ಇಲ್ಲ, ಸ್ಪೀಕರ್ ಒಂದೇ, ಕರೆಂಟು ಹೋದರೆ ಮೇಷ್ಟ್ರ ಫೋನು. ಗಿರಣಿಯಿಂದ ಮೆಣಸಿನಪುಡಿ ಘಾಟು ಬಂದಾಗ ಎಲ್ಲರೂ ಸೀನುತ್ತೇವೆ. ಗಾಡಿ ನಿಲ್ಲಿಸಲು ಜಾಗ ಇಲ್ಲ, ನಡೆದು ಹೋಗಿ. ತಾಳ ಒಂದಿಷ್ಟು ಗೊತ್ತಿರುವವರಿಗೆ, ಜಾಝ್ ಕೇಳಲು ಹೋಗಿ ಸೋತವರಿಗೆ ದುಡ್ಡು ಮೋಸ ಇಲ್ಲ. ಮೇಷ್ಟ್ರಿಗೆ ಐದಕ್ಕೆ ನಾಲ್ಕೂವರೆ. ಅಂಗಡಿಗೆ ಎರಡು.

ಮುಂದಿನ ಬ್ಯಾಚು ದಸರಾ ಕಳೆದ ಮೇಲೆ ಅಂತೆ. ಪುಸ್ತಕ ಕೊಟ್ಟರೆ ದುಡ್ಡು ಕೊಡುವ ಮೊದಲು ಏಳನೇ ಪುಟ ತೆಗೆದು ಮನೆ ಎಣಿಸಿ. ಹನ್ನೊಂದಿದ್ದರೆ ಕೌಂಟರಿನಲ್ಲೇ ಪೆನ್ನು ಕೇಳಿ ಇಸ್ಕೊಳ್ಳಿ, ಅದಕ್ಕಿನ್ನೂ ದುಡ್ಡು ತಗೊಳ್ಳಲ್ಲ.